ಅಗ್ಗದ ರ‍್ಯಾಮ್ ಹಾಕಿದ ಮೇಲೆ ಕಂಪ್ಯೂಟರ್ ನಿಧಾನವಾದರೆ: ದೋಷ ಪತ್ತೆಯ ಕ್ರಮ

ಕಂಪ್ಯೂಟರಿಗೆ ಹೊಸ ರ‍್ಯಾಮ್ ಹಾಕಿಸಿದ ಮೇಲೂ ಅದು ಮೊದಲಿನಂತೆಯೇ ತೆವಳುತ್ತಿದ್ದರೆ, ಅಥವಾ ಮೊದಲು ಇಲ್ಲದಿದ್ದ ತೊಂದರೆಗಳು ಶುರುವಾದರೆ, ಹೆಚ್ಚಿನವರು ದೂರುವುದು ರ‍್ಯಾಮಿನ ಬೆಲೆಯನ್ನು. ಅಗ್ಗದ್ದು ತಂದದ್ದೇ ತಪ್ಪಾಯಿತು ಎಂದುಕೊಂಡು ಅದನ್ನು ತೆಗೆದಿರಿಸಿ ದುಬಾರಿಯದನ್ನು ತರುತ್ತಾರೆ. ಅದೂ ಹಾಗೆಯೇ ನಡೆದುಕೊಂಡಾಗ ಕಂಪ್ಯೂಟರನ್ನೇ ಬದಲಿಸುವ ಮಾತು ಬರುತ್ತದೆ. ನಾನು ಬಿಚ್ಚಿ ನೋಡಿದ ಇಂಥ ಯಂತ್ರಗಳಲ್ಲಿ ಬಹುಪಾಲು ಸಲ ರ‍್ಯಾಮ್ ಸರಿಯಾಗಿಯೇ ಇತ್ತು. ತಪ್ಪಿದ್ದದ್ದು ಅದನ್ನು ಕೂರಿಸಿದ ಸ್ಲಾಟಿನಲ್ಲಿ, ಬಯೋಸ್‌ನ (ಯಂತ್ರ ಆನ್ ಆದೊಡನೆ ಮೊದಲು ನಡೆಯುವ, ಮದರ್‌ಬೋರ್ಡಿನೊಳಗಿನ ತಂತ್ರಾಂಶದ) ಒಂದು ಆಯ್ಕೆಯಲ್ಲಿ, ಇಲ್ಲವೇ ರ‍್ಯಾಮಿಗೂ ಮದರ್‌ಬೋರ್ಡಿಗೂ ಹೊಂದಿಕೆಯಾಗದಿರುವುದರಲ್ಲಿ.

ಜಗತ್ತಿನ ಡಿರ‍್ಯಾಮ್ ಚಿಪ್‌ಗಳ, ಅಂದರೆ ರ‍್ಯಾಮಿನಲ್ಲಿರುವ ಮೆಮೊರಿ ಚಿಪ್‌ಗಳ, ಬಹುಪಾಲನ್ನು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್ ಮತ್ತು ಮೈಕ್ರಾನ್ ಎಂಬ ಮೂರು ಸಂಸ್ಥೆಗಳೇ ತಯಾರಿಸುತ್ತವೆ. ಮಾರುಕಟ್ಟೆಯಲ್ಲಿ ಕಾಣುವ ಹತ್ತಾರು ಹೆಸರುಗಳಲ್ಲಿ ಹೆಚ್ಚಿನವು ಆ ಚಿಪ್‌ಗಳನ್ನೇ ಕೊಂಡು ಹಸಿರು ಇಲ್ಲವೇ ಕಪ್ಪು ಪಟ್ಟಿಯ ಮೇಲೆ ಜೋಡಿಸಿ ಮಾರುತ್ತವೆ. ಆದ್ದರಿಂದ ಬೆಲೆ ಕಡಿಮೆ ಎಂಬ ಒಂದೇ ಕಾರಣಕ್ಕೆ ರ‍್ಯಾಮ್ ಕೆಟ್ಟದ್ದೆಂದು ತೀರ್ಮಾನಿಸುವುದು ಸರಿಯಲ್ಲ. ಬೆಲೆ ಇಳಿಸಲು ಏನನ್ನು ಕೈಬಿಟ್ಟಿದ್ದಾರೆ ಎಂಬುದನ್ನು ಮಾತ್ರ ನೋಡಬೇಕು. ಕೆಲವು ಉಳಿತಾಯಗಳಿಂದ ವೇಗಕ್ಕೆ ಏನೂ ಆಗುವುದಿಲ್ಲ, ಇನ್ನು ಕೆಲವು ನೇರವಾಗಿ ವೇಗವನ್ನೇ ಕಡಿಮೆ ಮಾಡುತ್ತವೆ.

ತೊಂದರೆ ಮೂರು ಬಗೆಯಲ್ಲಿ ಕಾಣಿಸಿಕೊಳ್ಳುತ್ತದೆ: ಕಂಪ್ಯೂಟರ್ ಆನ್ ಆದರೂ ಪರದೆ ಕಪ್ಪಾಗಿಯೇ ಉಳಿಯುವುದು, ಆನ್ ಆಗಿ ಕೆಲಸ ಮಾಡುತ್ತಿದ್ದರೂ ನಡುನಡುವೆ ಸ್ಥಗಿತಗೊಳ್ಳುವುದು ಅಥವಾ ನೀಲಿ ಪರದೆ ಬರುವುದು, ಎಲ್ಲವೂ ಸರಿಯಾಗಿದ್ದರೂ ವೇಗ ಮಾತ್ರ ಹೆಚ್ಚದಿರುವುದು. ಮೂರಕ್ಕೂ ಪರೀಕ್ಷೆಯ ದಾರಿ ಬೇರೆ ಬೇರೆ.

ಪರದೆ ಕಪ್ಪಾಗಿಯೇ ಇದ್ದರೆ

ಯಂತ್ರ ಡಿಡಿಆರ್5 (ಡಿಡಿಆರ್3, ಡಿಡಿಆರ್4ರ ನಂತರದ ಪೀಳಿಗೆಯ ರ‍್ಯಾಮ್) ಬಳಸುವಂಥದ್ದಾಗಿದ್ದು, ಹೊಸ ರ‍್ಯಾಮ್ ಹಾಕಿ ಮೊದಲ ಸಲ ಆನ್ ಮಾಡುತ್ತಿದ್ದರೆ, ಕೆಲವು ನಿಮಿಷ ಸುಮ್ಮನೆ ಕಾಯಬೇಕು. ಹೊಸ ರ‍್ಯಾಮ್ ಕಂಡಾಗ ಮದರ್‌ಬೋರ್ಡ್ ಅದರೊಂದಿಗೆ ಸಂಕೇತಗಳ ಸಮಯವನ್ನು ಹೊಂದಿಸಿಕೊಳ್ಳುತ್ತದೆ. ಇದಕ್ಕೆ ಮೆಮೊರಿ ಟ್ರೈನಿಂಗ್ ಎನ್ನುತ್ತಾರೆ. ಆ ಹೊತ್ತಿನಲ್ಲಿ ಪರದೆಯ ಮೇಲೆ ಏನೂ ಕಾಣುವುದಿಲ್ಲ. ಗಾಬರಿಯಿಂದ ಪವರ್ ತೆಗೆದರೆ ಈ ಕೆಲಸ ಮತ್ತೆ ಮೊದಲಿನಿಂದ ಶುರುವಾಗುತ್ತದೆ, ಬಳಕೆದಾರರಿಗೆ ರ‍್ಯಾಮ್ ಸತ್ತಿದೆ ಎಂಬ ಭ್ರಮೆ ಹುಟ್ಟುತ್ತದೆ.

ಕಾದರೂ ಏನೂ ಬರದಿದ್ದರೆ ಪವರ್ ಕೇಬಲ್ ಕಿತ್ತು, ಪವರ್ ಬಟನನ್ನು ಕೆಲವು ಸೆಕೆಂಡು ಒತ್ತಿ ಹಿಡಿದು ಒಳಗೆ ಉಳಿದ ವಿದ್ಯುತ್ತನ್ನು ಹೊರಹಾಕಿ, ಕ್ಯಾಬಿನೆಟ್ಟಿನ ಲೋಹದ ಭಾಗವನ್ನು ಮುಟ್ಟಿ, ನಂತರ ರ‍್ಯಾಮನ್ನು ಹೊರತೆಗೆಯಬೇಕು. ರ‍್ಯಾಮಿನ ಕೆಳ ಅಂಚಿನಲ್ಲಿ ಚಿನ್ನದ ಬಣ್ಣದ ಸಂಪರ್ಕಗಳ ಸಾಲಿದೆ. ಅದರ ಮೇಲೆ ಬೆರಳಿನ ಎಣ್ಣೆಯ ಗುರುತು ಅಥವಾ ಮಾಸಲು ಕಲೆ ಇದ್ದರೆ ನೂಲು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪ ಹಚ್ಚಿ ಒರೆಸಿ, ಒಣಗಲು ಬಿಟ್ಟು ಮತ್ತೆ ಕೂರಿಸಬೇಕು. ಪೆನ್ಸಿಲ್ ರಬ್ಬರಿನಿಂದ ಉಜ್ಜುವ ರೂಢಿಯೂ ಇದೆ. ಅದು ಕೆಲಸ ಮಾಡುತ್ತದೆ, ಆದರೆ ರಬ್ಬರಿನ ಪುಡಿ ಸ್ಲಾಟಿಗೆ ಬೀಳದಂತೆ ಬ್ರಷ್‌ನಿಂದ ಪೂರ್ತಿ ಝಾಡಿಸಿಯೇ ಹಾಕಬೇಕು. ಕೂರಿಸುವಾಗ ಎರಡೂ ತುದಿಗಳನ್ನು ಸಮನಾಗಿ ಒತ್ತಬೇಕು, ಕ್ಲಿಪ್ ತಾನಾಗಿಯೇ ಟಕ್ ಎಂದು ಕಚ್ಚಿಕೊಳ್ಳಬೇಕು. ಒಂದೇ ಬದಿಗೆ ಕ್ಲಿಪ್ ಇರುವ ಮದರ್‌ಬೋರ್ಡುಗಳಲ್ಲಿ ಕ್ಲಿಪ್ ಇಲ್ಲದ ತುದಿ ಒಂದು ಮಿಲಿಮೀಟರಿನಷ್ಟು ಮೇಲೆದ್ದೇ ಉಳಿದಿರುವುದನ್ನು ಹಲವು ಸಲ ಕಂಡಿದ್ದೇನೆ. ಮೇಲಿನಿಂದ ನೋಡಿದರೆ ಅದು ಗೊತ್ತಾಗುವುದಿಲ್ಲ. ಕಣ್ಣನ್ನು ಸ್ಲಾಟಿನ ಮಟ್ಟಕ್ಕೆ ತಂದು, ಚಿನ್ನದ ಗೆರೆ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಕಾಣುತ್ತಿದೆಯೇ ಎಂದು ನೋಡಬೇಕು.

ಇಷ್ಟಾದರೂ ಆನ್ ಆಗದಿದ್ದರೆ ಒಂದೇ ಸ್ಟಿಕ್ (ರ‍್ಯಾಮಿನ ಒಂದು ಪಟ್ಟಿ) ಇಟ್ಟುಕೊಂಡು ಪರೀಕ್ಷಿಸಬೇಕು, ಸಿಮಾಸ್ ಸೆಟ್ಟಿಂಗುಗಳನ್ನು (ಬಯೋಸ್‌ನಲ್ಲಿ ಉಳಿಸಿಟ್ಟ ಆಯ್ಕೆಗಳನ್ನು) ಅಳಿಸಬೇಕು, ಮದರ್‌ಬೋರ್ಡಿನ ಮೇಲೆ ಡಿರ‍್ಯಾಮ್ ಎಂದು ಗುರುತು ಹಾಕಿದ ಪುಟ್ಟ ದೀಪವಿದ್ದರೆ ಅದು ಉರಿಯುತ್ತಲೇ ಇದೆಯೇ ಎಂದು ಗಮನಿಸಬೇಕು. ಹಳೆಯ ರ‍್ಯಾಮ್ ಹಾಕಿದಾಗ ಯಂತ್ರ ಸರಿಯಾಗಿ ಆನ್ ಆಗಿ, ಹೊಸದರಲ್ಲಿ ಮಾತ್ರ ಆಗದಿದ್ದರೆ ಹೊಂದಾಣಿಕೆಯನ್ನು ಅನುಮಾನಿಸಬೇಕು, ಏಕೆಂದರೆ ಅತಿ ಕಡಿಮೆ ಬೆಲೆಗೆ ಸಿಗುವ ರ‍್ಯಾಮ್‌ಗಳಲ್ಲಿ ಈ ದೋಷವೇ ಹೆಚ್ಚು. ಬಳಸಿದ ಸಾಮಾನುಗಳ ಮಾರುಕಟ್ಟೆಯಲ್ಲಿ ಸರ್ವರ್‌ಗಳಿಂದ ಬಿಚ್ಚಿದ ರಿಜಿಸ್ಟರ್ಡ್ ರ‍್ಯಾಮ್ ಅಗ್ಗವಾಗಿ ಸಿಗುವುದುಂಟು; ಡಿಡಿಆರ್3 ಮತ್ತು ಡಿಡಿಆರ್4ರಲ್ಲಿ ಅದು ಸಾಮಾನ್ಯ ಡೆಸ್ಕ್‌ಟಾಪಿನ ಸ್ಲಾಟಿನಲ್ಲಿ ಸರಾಗವಾಗಿ ಕೂರುತ್ತದೆ, ಆದರೆ ಅದರಿಂದ ಯಂತ್ರ ಆನ್ ಆಗುವುದಿಲ್ಲ. ಲೇಬಲ್ಲಿನ ಮೇಲೆ ವೇಗದ ಸಂಖ್ಯೆಯ ನಂತರ ‘ಆರ್’ ಅಕ್ಷರವಿದ್ದರೆ ಅದು ಈ ಜಾತಿಯದು. ಹಾಗೆಯೇ, 1.35 ವೋಲ್ಟಿನ ಡಿಡಿಆರ್3ಎಲ್ ಮಾತ್ರ ಒಪ್ಪುವ ಲ್ಯಾಪ್‌ಟಾಪಿಗೆ 1.5 ವೋಲ್ಟಿನ ಹಳೆಯ ಡಿಡಿಆರ್3 ತಂದು ಹಾಕಿದರೂ ಇದೇ ಫಲ. ಇವು ರ‍್ಯಾಮಿನ ದೋಷಗಳಲ್ಲ, ಆಯ್ಕೆಯ ದೋಷಗಳು. ಹಿಂದಿರುಗಿಸಿ ಸರಿಯಾದದ್ದನ್ನು ತರುವುದೇ ಪರಿಹಾರ.

ನಡುನಡುವೆ ಸ್ಥಗಿತಗೊಂಡರೆ

ನೀಲಿ ಪರದೆಯ ಮೇಲೆ ‘ಮೆಮೊರಿ ಮ್ಯಾನೇಜ್‌ಮೆಂಟ್’ ಅಥವಾ ‘ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ’ ಎಂಬ ಸಾಲು ಮತ್ತೆ ಮತ್ತೆ ಬರುತ್ತಿದ್ದರೆ, ಪ್ರತಿ ಸಲವೂ ಬೇರೆ ಬೇರೆ ಪ್ರೋಗ್ರಾಂ ತಾನಾಗಿ ಮುಚ್ಚಿಕೊಳ್ಳುತ್ತಿದ್ದರೆ, ಡೌನ್‌ಲೋಡ್ ಮಾಡಿದ ಜಿಪ್ ಕಡತಗಳು ಬಿಚ್ಚುವಾಗ ಕೆಟ್ಟಿವೆ ಎನ್ನುತ್ತಿದ್ದರೆ, ರ‍್ಯಾಮನ್ನು ಅನುಮಾನಿಸಲು ಕಾರಣವಿದೆ. ಇಂಥ ಸ್ಥಿತಿಯಲ್ಲಿ ದಯವಿಟ್ಟು ಆಪರೇಟಿಂಗ್ ಸಿಸ್ಟಂ ಅಪ್‌ಡೇಟ್ ಮಾಡಬೇಡಿ, ಫೋಟೊ ಅಥವಾ ದಾಖಲೆಗಳನ್ನು ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಸಾಗಿಸಬೇಡಿ. ಡಿಸ್ಕಿಗೆ ಹೋಗುವ ಪ್ರತಿಯೊಂದು ಕಡತವೂ ರ‍್ಯಾಮಿನ ಮೂಲಕವೇ ಹಾದುಹೋಗುತ್ತದೆ. ಅಲ್ಲಿ ಒಂದು ಬಿಟ್ ತಿರುಗಿದರೆ ತಪ್ಪಾದ ಪ್ರತಿಯೇ ಡಿಸ್ಕಿನಲ್ಲಿ ಉಳಿಯುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಯಂತ್ರ ನಿಧಾನವಾದರೆ ಸಮಯ ಮಾತ್ರ ಹೋಗುತ್ತದೆ, ಇಲ್ಲಿ ಹೋಗುವುದು ಮತ್ತೆ ಸಿಗದ ದಾಖಲೆಗಳು.

ಮೊದಲು ಬಯೋಸ್‌ಗೆ ಹೋಗಿ ರ‍್ಯಾಮನ್ನು ಸಾಮಾನ್ಯಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೊ ಎಂಬ ಆಯ್ಕೆ ಚಾಲೂ ಇದ್ದರೆ ಅದನ್ನು ನಿಲ್ಲಿಸಬೇಕು. ನಂತರ ಪೆನ್‌ಡ್ರೈವಿನಿಂದ ಮೆಮ್‌ಟೆಸ್ಟ್86 ಅಥವಾ ಮೆಮ್‌ಟೆಸ್ಟ್86+ ಎಂಬ, ರ‍್ಯಾಮ್ ಪರೀಕ್ಷಿಸುವ ಪ್ರೋಗ್ರಾಂ ಚಲಾಯಿಸಬೇಕು. ಇವೆರಡೂ ಆಪರೇಟಿಂಗ್ ಸಿಸ್ಟಂ ಶುರುವಾಗುವ ಮೊದಲೇ ನಡೆಯುವುದರಿಂದ ರ‍್ಯಾಮಿನ ಬಹುತೇಕ ಎಲ್ಲ ಭಾಗವನ್ನೂ ಮುಟ್ಟಬಲ್ಲವು. ವಿಂಡೋಸ್‌ನಲ್ಲಿಯೇ ಇರುವ ಮೆಮೊರಿ ಡಯಾಗ್ನಾಸ್ಟಿಕ್ ಸುಲಭ, ಆದರೆ ಅದು ಪಾಸು ಮಾಡಿದ ರ‍್ಯಾಮ್ ಮೆಮ್‌ಟೆಸ್ಟ್‌ನಲ್ಲಿ ಸಿಕ್ಕಿಬಿದ್ದ ಉದಾಹರಣೆಗಳಿವೆ. ಕನಿಷ್ಠ ನಾಲ್ಕು ಸುತ್ತು ನಡೆಯಬೇಕು. ರಾತ್ರಿ ಹಚ್ಚಿ ಬೆಳಿಗ್ಗೆ ನೋಡುವುದು ಉತ್ತಮ. ಒಂದೇ ಒಂದು ತಪ್ಪು ಕಂಡರೂ ಅದು ತಪ್ಪೇ. ‘ಸಾವಿರ ಕೋಟಿ ಬಿಟ್‌ಗಳಲ್ಲಿ ಒಂದು ತಾನೆ’ ಎಂದು ಬಿಡುವಂತಿಲ್ಲ.

ತಪ್ಪು ಕಂಡಾಗ ಸ್ಟಿಕ್ ಕೆಟ್ಟಿದೆಯೋ ಸ್ಲಾಟ್ ಕೆಟ್ಟಿದೆಯೋ ಎಂದು ಬೇರ್ಪಡಿಸಬೇಕು. ಒಂದೇ ಸ್ಲಾಟಿನಲ್ಲಿ ಒಂದೊಂದೇ ಸ್ಟಿಕ್ ಹಾಕಿ ಪರೀಕ್ಷಿಸಿ, ತಪ್ಪಿಲ್ಲದ ಸ್ಟಿಕ್ ಯಾವುದೆಂದು ಕಂಡುಕೊಂಡು, ಆಮೇಲೆ ಅದೇ ಸ್ಟಿಕ್ಕನ್ನು ಉಳಿದ ಸ್ಲಾಟುಗಳಿಗೆ ಒಂದೊಂದಾಗಿ ಬದಲಿಸಿ ನೋಡಬೇಕು. ಪರೀಕ್ಷೆಯಲ್ಲಿ ಕಂಡ ತಪ್ಪು ಸ್ಟಿಕ್ಕಿನ ಜತೆಗೇ ಓಡಾಡಿದರೆ ಸ್ಟಿಕ್ ಕೆಟ್ಟಿದೆ. ಸ್ಲಾಟಿನಲ್ಲಿಯೇ ಉಳಿದರೆ ಸ್ಲಾಟ್, ಮದರ್‌ಬೋರ್ಡ್ ಅಥವಾ ಪ್ರೊಸೆಸರಿನ ಸಾಕೆಟ್ಟನ್ನು ನೋಡಬೇಕು. ಸಾಕೆಟ್ಟಿನಲ್ಲಿ ಬಾಗಿದ ಒಂದು ಪಿನ್, ಅಥವಾ ಒಂದು ಮೂಲೆಯಲ್ಲಿ ವಿಪರೀತ ಬಿಗಿದ ಕೂಲರ್ ಕೂಡ ಒಂದು ಬದಿಯ ರ‍್ಯಾಮನ್ನು ಕಾಣದಂತೆ ಮಾಡಬಲ್ಲದು. ಸ್ಟಿಕ್ ಕೆಟ್ಟಿದ್ದು ಖಚಿತವಾದರೆ ತಪ್ಪು ತೋರಿಸುವ ಪರದೆಯ ಫೋಟೊ ತೆಗೆದಿಟ್ಟುಕೊಳ್ಳಿ, ವಾರಂಟಿಯಲ್ಲಿ ಬದಲಿಸಿಕೊಳ್ಳುವಾಗ ಬೇಕಾಗುತ್ತದೆ.

ಎಕ್ಸ್‌ಎಂಪಿ ನಿಲ್ಲಿಸಿದಾಗ ತಪ್ಪಿಲ್ಲ, ಚಾಲೂ ಮಾಡಿದಾಗ ಮಾತ್ರ ತಪ್ಪು ಬರುತ್ತದೆ ಎಂದಾದರೆ ಸ್ಟಿಕ್ಕನ್ನು ಎಸೆಯಬೇಕಾಗಿಲ್ಲ. ಎಕ್ಸ್‌ಎಂಪಿ ಎಂಬುದು ತಯಾರಕರು ಬರೆದಿಟ್ಟ ಓವರ್‌ಕ್ಲಾಕ್ ಸೆಟ್ಟಿಂಗ್. ಅದನ್ನು ನಡೆಸುವುದು ರ‍್ಯಾಮ್ ಒಂದರ ಕೈಯಲ್ಲಿಲ್ಲ, ಪ್ರೊಸೆಸರ್ ಮತ್ತು ಮದರ್‌ಬೋರ್ಡುಗಳೂ ಸಹಕರಿಸಬೇಕು. ಬಯೋಸ್ ಅಪ್‌ಡೇಟ್ ಮಾಡಿ ಮತ್ತೊಮ್ಮೆ ಪ್ರಯತ್ನಿಸಬಹುದು, ಇಲ್ಲವೇ ವೇಗವನ್ನು (ಸೆಕೆಂಡಿಗೆ ಎಷ್ಟು ದಶಲಕ್ಷ ಸಲ ದತ್ತಾಂಶ ಸಾಗುತ್ತದೆ ಎಂಬ ಸಂಖ್ಯೆ) 3600ರ ಬದಲು 3400ಕ್ಕೆ, 3200ರ ಬದಲು 3000ಕ್ಕೆ ಒಂದು ಮೆಟ್ಟಿಲು ಇಳಿಸಿ ಮತ್ತೆ ಪರೀಕ್ಷಿಸಬಹುದು. ಆ ಒಂದು ಮೆಟ್ಟಿಲಿನ ವ್ಯತ್ಯಾಸ ದಿನನಿತ್ಯದ ಕೆಲಸದಲ್ಲಿ ಗೊತ್ತಾಗುವುದಿಲ್ಲ.

ವೇಗ ಹೆಚ್ಚದಿದ್ದರೆ

ದೂರುಗಳಲ್ಲಿ ಹೆಚ್ಚಿನವು ಈ ಬಗೆಯವು, ಇಲ್ಲಿಯೇ ದುಡ್ಡು ವ್ಯರ್ಥವಾಗುವುದೂ ಹೆಚ್ಚು. ಮೊದಲು ಕೇಳಬೇಕಾದ ಪ್ರಶ್ನೆ: ಕೊರತೆ ಇದ್ದದ್ದು ನಿಜವಾಗಿಯೂ ರ‍್ಯಾಮಿನದೇ? ದಿನವೂ ಮಾಡುವ ಕೆಲಸಗಳನ್ನೆಲ್ಲ ಒಟ್ಟಿಗೆ ತೆರೆದಿಟ್ಟು ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಮತ್ತು ಡಿಸ್ಕ್ ಎರಡನ್ನೂ ಗಮನಿಸಬೇಕು. ಮೆಮೊರಿ ಶೇ 90ರ ಆಸುಪಾಸಿನಲ್ಲಿ ನಿಂತು, ಅದೇ ಹೊತ್ತಿಗೆ ಡಿಸ್ಕ್ ಶೇ 100ಕ್ಕೆ ಏರುತ್ತಿದ್ದರೆ ಸಾಮರ್ಥ್ಯ ಸಾಲದು ಎಂದರ್ಥ. ರ‍್ಯಾಮಿನಲ್ಲಿ ಹಿಡಿಸದ ಭಾಗವನ್ನು ಆಪರೇಟಿಂಗ್ ಸಿಸ್ಟಂ ಡಿಸ್ಕಿಗೆ ಬರೆದು, ಬೇಕಾದಾಗ ಮತ್ತೆ ಓದುತ್ತಿರುತ್ತದೆ. ಮೆಮೊರಿ ಅರ್ಧದಷ್ಟು ಖಾಲಿಯಿದ್ದೂ ಡಿಸ್ಕ್ ಮಾತ್ರ ಶೇ 100ರಲ್ಲಿ ಸಿಕ್ಕಿಕೊಂಡಿದ್ದರೆ, ಆ ಯಂತ್ರಕ್ಕೆ ಬೇಕಾದದ್ದು ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯಿಲ್ಲದ ವೇಗದ ಡಿಸ್ಕ್. ಇನ್ನೆಷ್ಟು ಒಳ್ಳೆಯ ರ‍್ಯಾಮ್ ಹಾಕಿದರೂ ಅಲ್ಲಿ ಫಲ ಕಾಣುವುದಿಲ್ಲ.

ಎರಡನೆಯದಾಗಿ, ಹಾಕಿದಷ್ಟು ರ‍್ಯಾಮ್ ಪೂರ್ತಿ ಬಳಕೆಗೆ ಸಿಗುತ್ತಿದೆಯೇ ನೋಡಬೇಕು. ಅದೇ ಪುಟದ ಕೆಳಗಡೆ ‘ಹಾರ್ಡ್‌ವೇರ್ ರಿಸರ್ವ್ಡ್’ ಎಂಬ ಸಾಲಿದೆ. ಪ್ರೊಸೆಸರಿನೊಳಗೇ ಅಂತರ್ಗತ ಗ್ರಾಫಿಕ್ಸ್ ಇರುವ ಯಂತ್ರದಲ್ಲಿ ಕೆಲವು ನೂರು ಎಂಬಿಯಿಂದ 2 ಜಿಬಿವರೆಗೆ ಅಲ್ಲಿ ಹೋಗಿರುವುದು ಸಹಜ. 32 ಬಿಟ್‌ನ ವಿಂಡೋಸ್ ಇದ್ದರಂತೂ ಎಷ್ಟೇ ಹಾಕಿದರೂ 4 ಜಿಬಿಯ ಒಳಗೇ ಸಿಗುತ್ತದೆ.

ಮೂರನೆಯದು ಚಾನೆಲ್, ಅಂದರೆ ರ‍್ಯಾಮಿಗೂ ಪ್ರೊಸೆಸರಿಗೂ ನಡುವೆ ದತ್ತಾಂಶ ಸಾಗುವ ದಾರಿ. ಇದನ್ನು ಒಂದು ಯಂತ್ರದ ಮೂಲಕವೇ ಹೇಳುತ್ತೇನೆ. ವಿಡಿಯೊ ಎಡಿಟಿಂಗ್ ಕಲಿಯುತ್ತಿದ್ದ ಪರಿಚಿತರೊಬ್ಬರು 8 ಜಿಬಿಯ ಒಂದು ಸ್ಟಿಕ್ಕಿನ ಪಕ್ಕಕ್ಕೆ ಅಂಥದ್ದೇ ಇನ್ನೊಂದನ್ನು ತಾವೇ ಹಾಕಿಕೊಂಡಿದ್ದರು. 16 ಜಿಬಿ ಎಂದು ತೋರಿಸುತ್ತಿತ್ತು, ಆದರೂ ಪೂರ್ವವೀಕ್ಷಣೆ ಮುಗ್ಗರಿಸುತ್ತಲೇ ಇತ್ತು. ಗ್ರಾಫಿಕ್ಸ್ ಕಾರ್ಡ್ ಇರಲಿಲ್ಲ. ಯಂತ್ರದ ಭಾಗಗಳ ವಿವರ ತೋರಿಸುವ ಸಿಪಿಯು-ಜೆಡ್ ಎಂಬ ಪ್ರೋಗ್ರಾಂ ತೆರೆದು ಮೆಮೊರಿ ಪುಟ ನೋಡಿದಾಗ ಚಾನೆಲ್ ಎದುರಿಗೆ ‘ಸಿಂಗಲ್’ ಎಂದಿತ್ತು. ಕ್ಯಾಬಿನೆಟ್ ಬಿಚ್ಚಿದರೆ ನಾಲ್ಕು ಸ್ಲಾಟುಗಳಲ್ಲಿ ಪ್ರೊಸೆಸರಿಗೆ ಹತ್ತಿರದ ಮೊದಲನೆಯ ಮತ್ತು ಎರಡನೆಯ ಸ್ಲಾಟುಗಳಲ್ಲಿ ಎರಡೂ ಸ್ಟಿಕ್ಕುಗಳು ಅಂಟಿಕೊಂಡಂತೆ ನಿಂತಿದ್ದವು. ಆ ಎರಡು ಸ್ಲಾಟುಗಳೂ ಒಂದೇ ಚಾನೆಲ್ಲಿಗೆ ಸೇರಿದವು. ಮೊದಲನೆಯದನ್ನು ಕಿತ್ತು ನಾಲ್ಕನೆಯ ಸ್ಲಾಟಿಗೆ ಹಾಕಿದೆವು. ಈಗ ಎರಡನೆಯ ಮತ್ತು ನಾಲ್ಕನೆಯ ಸ್ಲಾಟುಗಳು ತುಂಬಿದವು, ಸಿಪಿಯು-ಜೆಡ್ ‘ಡ್ಯುಯಲ್’ ಎಂದಿತು, ಪೂರ್ವವೀಕ್ಷಣೆ ತಡೆಯಿಲ್ಲದೆ ಓಡಿತು.

ಕಾರಣ ಸರಳವಾಗಿದೆ. ಒಂದು ಚಾನೆಲ್ 64 ಬಿಟ್, ಅಂದರೆ 8 ಬೈಟ್ ಅಗಲದ ದಾರಿ. ಡಿಡಿಆರ್4-3200 ಸೆಕೆಂಡಿಗೆ 320 ಕೋಟಿ ಸಲ ದತ್ತಾಂಶ ಸಾಗಿಸುವುದರಿಂದ ಒಂದು ಚಾನೆಲ್ಲಿನಲ್ಲಿ ಸೆಕೆಂಡಿಗೆ ಗರಿಷ್ಠ 25.6 ಜಿಬಿ, ಎರಡರಲ್ಲಿ 51.2 ಜಿಬಿ ಹರಿಯಬಲ್ಲದು. ಅಂತರ್ಗತ ಗ್ರಾಫಿಕ್ಸ್‌ಗೆ ತನ್ನದೇ ಆದ ಮೆಮೊರಿ ಇಲ್ಲ, ಅದೂ ಇದೇ ದಾರಿಯಲ್ಲಿ ಪ್ರೊಸೆಸರಿನೊಂದಿಗೆ ಪಾಲು ಹಂಚಿಕೊಳ್ಳಬೇಕು. ಅತಿ ದುಬಾರಿಯ 3600 ವೇಗದ ಒಂದೇ ಸ್ಟಿಕ್ಕಿಗಿಂತ ಅಗ್ಗದ 2400 ವೇಗದ ಎರಡು ಸ್ಟಿಕ್ಕುಗಳು ಇಂಥ ಯಂತ್ರಕ್ಕೆ ಹೆಚ್ಚು ದಾರಿ ಮಾಡಿಕೊಡುತ್ತವೆ: ಮೊದಲನೆಯದು 28.8, ಎರಡನೆಯದು 38.4 ಜಿಬಿ. ಡಿಡಿಆರ್5ರಲ್ಲಿ ಪ್ರತಿ ಸ್ಟಿಕ್ಕಿನೊಳಗೂ 32 ಬಿಟ್‌ನ ಎರಡು ದಾರಿಗಳಿರುವುದರಿಂದ, ಒಂದೇ ಸ್ಟಿಕ್ ಹಾಕಿದಾಗ ಸಿಪಿಯು-ಜೆಡ್‌ನಲ್ಲಿ ಎರಡು ಎಂಬ ಸಂಖ್ಯೆ ಕಂಡರೆ ಅದನ್ನು ಡ್ಯುಯಲ್ ಚಾನೆಲ್ ಎಂದು ತಿಳಿಯಬಾರದು. 32 ಬಿಟ್‌ನ ನಾಲ್ಕು ದಾರಿಗಳು ಕಾಣಬೇಕು.

ನಾಲ್ಕನೆಯದು ಓಡುತ್ತಿರುವ ವೇಗ. ಪೆಟ್ಟಿಗೆಯ ಮೇಲೆ 3200 ಎಂದಿದ್ದು, ಟಾಸ್ಕ್ ಮ್ಯಾನೇಜರಿನಲ್ಲಿ 2133 ಅಥವಾ 2400 ಕಾಣುತ್ತಿದ್ದರೆ ರ‍್ಯಾಮ್ ನಕಲಿ ಎಂದು ಹೇಳುವ ಮೊದಲು ಬಯೋಸ್ ನೋಡಿ. ಎಕ್ಸ್‌ಎಂಪಿ ತಾನಾಗಿ ಚಾಲೂ ಆಗುವುದಿಲ್ಲ. ಅದನ್ನು ನಾವೇ ಆರಿಸಬೇಕು. ಸಿಪಿಯು-ಜೆಡ್ ತೋರಿಸುವ ಡಿರ‍್ಯಾಮ್ ಫ್ರೀಕ್ವೆನ್ಸಿ ಅಸಲು ವೇಗದ ಅರ್ಧ, ಏಕೆಂದರೆ ಡಿಡಿಆರ್ ಪ್ರತಿ ಗಡಿಯಾರದ ಬಡಿತಕ್ಕೆ ಎರಡು ಸಲ ದತ್ತಾಂಶ ಸಾಗಿಸುತ್ತದೆ. 1600 ಕಂಡರೆ ಅದು 3200ರಲ್ಲಿಯೇ ಓಡುತ್ತಿದೆ.

ಎಕ್ಸ್‌ಎಂಪಿ ಆಯ್ಕೆಯೇ ಇಲ್ಲದ ಯಂತ್ರಗಳು ಬಹಳ ಇವೆ: ಹೆಚ್ಚಿನ ಲ್ಯಾಪ್‌ಟಾಪುಗಳು, ಕಚೇರಿಗಳಿಗೆಂದು ಮಾಡಿದ ಸಿದ್ಧ ಡೆಸ್ಕ್‌ಟಾಪುಗಳು. ಇವು ರ‍್ಯಾಮಿನ ಜೆಡೆಕ್ (ರ‍್ಯಾಮಿನ ಮಾನದಂಡಗಳನ್ನು ನಿಗದಿಪಡಿಸುವ ಸಂಸ್ಥೆ) ಪಟ್ಟಿಯನ್ನು ಮಾತ್ರ ಓದುತ್ತವೆ. 3200ರ ವೇಗಕ್ಕೆ ಎಕ್ಸ್‌ಎಂಪಿಯನ್ನು ನಂಬಿರುವ ಸಿಎಲ್16ರ (ಸಿಎಲ್ ಎಂದರೆ ದತ್ತಾಂಶ ಕೇಳಿದ ಮೇಲೆ ಕಾಯಬೇಕಾದ ಗಡಿಯಾರದ ಬಡಿತಗಳ ಸಂಖ್ಯೆ) ದುಬಾರಿ ಜೋಡಿಯನ್ನು ಇಲ್ಲಿ ಹಾಕಿದರೆ ಅದು ತನ್ನ ಜೆಡೆಕ್ ವೇಗವಾದ 2133, 2400 ಅಥವಾ 2666ಕ್ಕೆ ಇಳಿದುಬಿಡುತ್ತದೆ. ಅದೇ ಜಾಗಕ್ಕೆ ಹೊಳಪಿಲ್ಲದ, ಹೊದಿಕೆಯಿಲ್ಲದ, 1.2 ವೋಲ್ಟಿನಲ್ಲಿ 3200 ಸಿಎಲ್22 ಎಂದು ಜೆಡೆಕ್‌ನಲ್ಲಿಯೇ ಬರೆದಿರುವ ಅಗ್ಗದ ಸ್ಟಿಕ್ ಹಾಕಿದರೆ, ಪ್ರೊಸೆಸರ್ ಅನುಮತಿಸಿದಲ್ಲಿ ಅದು 3200ರಲ್ಲಿಯೇ ಓಡುತ್ತದೆ. ಕಡಿಮೆ ದುಡ್ಡು ಕೊಟ್ಟವರಿಗೆ ಹೆಚ್ಚು ವೇಗ ಸಿಗುವ ಈ ಸಂದರ್ಭ ಅಪರೂಪದ್ದಲ್ಲ. ಕೊಳ್ಳುವ ಮೊದಲು ಲೇಬಲ್ಲಿನಲ್ಲಿ ವೋಲ್ಟೇಜ್ ನೋಡಿ: ಡಿಡಿಆರ್4ರಲ್ಲಿ 1.35 ವೋಲ್ಟ್ ಎಂದಿದ್ದರೆ ಬರೆದಿರುವ ವೇಗ ಎಕ್ಸ್‌ಎಂಪಿಯದು.

ಸಿಎಲ್ ಸಂಖ್ಯೆಯನ್ನು ಬಿಡಿಯಾಗಿ ನೋಡಿ ಹೆದರುವವರೂ ಇದ್ದಾರೆ. ಅದನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ನ್ಯಾನೊಸೆಕೆಂಡಿನಲ್ಲಿ ಕಾಯುವ ಸಮಯ ಸಿಗುತ್ತದೆ. 3200 ಸಿಎಲ್16, 3600 ಸಿಎಲ್18, ಡಿಡಿಆರ್5ರ 6000 ಸಿಎಲ್30, ಈ ಮೂರೂ ಸರಿಯಾಗಿ 10 ನ್ಯಾನೊಸೆಕೆಂಡ್. 3200 ಸಿಎಲ್22 ಎಂದರೆ 13.75. ಬರವಣಿಗೆ, ಬ್ರೌಸಿಂಗ್, ಲೆಕ್ಕಪತ್ರಗಳಲ್ಲಿ ಈ ವ್ಯತ್ಯಾಸ ಕೈಗೆ ತಾಗುವುದಿಲ್ಲ. ಪ್ರೊಸೆಸರ್ ಮೇಲೆ ಭಾರ ಹಾಕುವ ಆಟಗಳಲ್ಲಿ ಅಳೆದರೆ ಕಾಣುತ್ತದೆ.

ನಿಜವಾಗಿಯೂ ವೇಗ ಕಳೆಯುವ ಉಳಿತಾಯವೊಂದಿದೆ, ಅದನ್ನು ಹಲವು ಲೇಬಲ್ಲುಗಳು ಹೇಳುವುದಿಲ್ಲ, ಕಣ್ಣಿನಿಂದ ಎಣಿಸಬೇಕು. 8 ಜಿಬಿಯ ಸ್ಟಿಕ್ಕನ್ನು 8 ಚಿಪ್‌ಗಳಿಂದಲೂ ಮಾಡಬಹುದು, 4 ಚಿಪ್‌ಗಳಿಂದಲೂ ಮಾಡಬಹುದು. 4 ಚಿಪ್ ಇದ್ದರೆ ಪ್ರತಿಯೊಂದೂ 16 ಬಿಟ್ ಅಗಲದ್ದು. ಡಿಡಿಆರ್4ರಲ್ಲಿ ಅಂಥ ಚಿಪ್ಪಿನೊಳಗೆ ಬ್ಯಾಂಕ್ ಗುಂಪುಗಳು (ಸರದಿಯಂತೆ ಕೆಲಸ ಹಂಚಿಕೊಳ್ಳುವ ಮೆಮೊರಿಯ ವಿಭಾಗಗಳು) ಎರಡು, 8 ಬಿಟ್‌ನ ಚಿಪ್ಪಿನಲ್ಲಿ ನಾಲ್ಕು. ಗುಂಪುಗಳು ಕಡಿಮೆಯಾದಷ್ಟೂ ಒಂದರ ಕೆಲಸ ಮುಗಿಯುವವರೆಗೆ ಇನ್ನೊಂದು ಕಾಯುವುದು ಹೆಚ್ಚುತ್ತದೆ. ವೇಗ, ಸಿಎಲ್, ಸಾಮರ್ಥ್ಯ ಎಲ್ಲವೂ ಒಂದೇ ಆಗಿದ್ದು ಒಂದು ಸ್ಟಿಕ್ ಹಿಂದೆ ಬೀಳುತ್ತಿದ್ದರೆ ಎರಡೂ ಬದಿ ತಿರುಗಿಸಿ ಕಪ್ಪು ಚೌಕಗಳನ್ನು ಎಣಿಸಿ. ಡಿಡಿಆರ್5ರ 8 ಜಿಬಿ ಸ್ಟಿಕ್ಕುಗಳು ಸಾಮಾನ್ಯವಾಗಿ 4 ಚಿಪ್ಪಿನವೇ. ಅಲ್ಲಿ 16 ಜಿಬಿಯ ಸ್ಟಿಕ್ಕುಗಳಿಂದ ಆರಂಭಿಸುವುದೇ ಲೇಸು.

ಇದ್ದುದಕ್ಕೆ ಸೇರಿಸುವಾಗ

ವೇಗ ಬೇರೆ ಬೇರೆ ಇರುವ ಸ್ಟಿಕ್ಕುಗಳನ್ನು ಬೆರೆಸಿದರೆ ಎಲ್ಲವೂ ನಿಧಾನದ್ದರ ವೇಗಕ್ಕೆ ಇಳಿಯುತ್ತವೆ. ಹೊಸದಕ್ಕೆ ಹೆಚ್ಚು ದುಡ್ಡು ಕೊಡುವುದರಲ್ಲಿ ಅರ್ಥವಿಲ್ಲ, ಹಳೆಯದರ ವೇಗಕ್ಕೆ ಸಮನಾದದ್ದು ಸಾಕು. 8 ಜಿಬಿಯ ಜತೆ 4 ಜಿಬಿ ಹಾಕಿದರೆ ಇಂಟೆಲ್ ಯಂತ್ರಗಳಲ್ಲಿ ಮೊದಲ 8 ಜಿಬಿ ಡ್ಯುಯಲ್ ಆಗಿಯೂ ಉಳಿದ 4 ಜಿಬಿ ಸಿಂಗಲ್ ಆಗಿಯೂ ನಡೆಯುತ್ತದೆ. ಇದು ತಪ್ಪಲ್ಲ, ಸಾಮರ್ಥ್ಯದ ಕೊರತೆ ಇದ್ದಲ್ಲಿ ಒಳ್ಳೆಯ ಉಳಿತಾಯವೇ. ಡಿಡಿಆರ್5ರಲ್ಲಿ ಮಾತ್ರ ನಾಲ್ಕು ಸ್ಲಾಟುಗಳನ್ನೂ ತುಂಬುವ ಮೊದಲು ಯೋಚಿಸಬೇಕು. ಎಎಂಡಿಯ ರೈಜನ್ 7000 ಪ್ರೊಸೆಸರುಗಳ ಅಧಿಕೃತ ವೇಗ ಎರಡು ಸ್ಟಿಕ್ಕುಗಳಿದ್ದಾಗ 5200, ನಾಲ್ಕಿದ್ದಾಗ 3600. ಮುಂದೆ ಸೇರಿಸೋಣ ಎಂದು 8 ಜಿಬಿಯ ಎರಡನ್ನು ಈಗ ತಂದು, ಮತ್ತೆರಡನ್ನು ಆಮೇಲೆ ತರುವುದಕ್ಕಿಂತ 16 ಜಿಬಿಯ ಎರಡನ್ನು ಒಮ್ಮೆಗೇ ತರುವುದು ಅಲ್ಲಿ ನಿಜವಾದ ಮಿತವ್ಯಯ.

ಬಳಸಿದ ರ‍್ಯಾಮ್ ಕೊಳ್ಳುವುದಕ್ಕೆ ನನ್ನ ವಿರೋಧವಿಲ್ಲ; ಹಾರ್ಡ್ ಡಿಸ್ಕಿನಂತೆ ಸವೆಯುವ ಭಾಗ ಅದರಲ್ಲಿಲ್ಲ. ಆದರೆ ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಮೆಮ್‌ಟೆಸ್ಟ್ ನಡೆಸಬೇಕು, ಸಿಪಿಯು-ಜೆಡ್‌ನ ಎಸ್‌ಪಿಡಿ (ಸ್ಟಿಕ್ಕಿನ ವಿವರ ಬರೆದಿಟ್ಟ, ಅದರ ಮೇಲಿನ ಪುಟ್ಟ ಚಿಪ್) ಪುಟದಲ್ಲಿ ಕಾಣುವ ಸಾಮರ್ಥ್ಯ ಮತ್ತು ವೇಗವನ್ನು ಅಂಟಿಸಿದ ಲೇಬಲ್ಲಿನೊಂದಿಗೆ ಹೋಲಿಸಬೇಕು. ಲೇಬಲ್ ಬದಲಿಸುವುದು ಸುಲಭ, ಎಸ್‌ಪಿಡಿಯನ್ನು ತಿದ್ದುವುದು ಅಷ್ಟು ಸುಲಭವಲ್ಲ. ಎರಡೂ ತಾಳೆಯಾಗದಿದ್ದರೆ ಅದೇ ದಿನ ಹಿಂದಿರುಗಿಸಿ.